ಬೆಟ್ಟಕ್ಕೆ ಜೊತೆ ಯಾರು?

ವಿಜಯನಗರ ಸ್ಥಾಪನೆಯಾಯಿತೆಂದು ರೂಢಿಯಲ್ಲಿ ಹೇಳುವ ವರ್ಷ 1336. ಅದೇ ವರ್ಷದ ಏಪ್ರಿಲ್ 26ರಂದು, ಇಂದಿನ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ, ಇಟಲಿಯ ಕವಿ ಪೆಟ್ರಾರ್ಕ್ ಒಂದು ಬೆಟ್ಟ ಹತ್ತಿ ಇಳಿದ. ಬೆಳಿಗ್ಗೆ ಹೊರಟು ರಾತ್ರಿ ಮರಳಿದ ಆ ಒಂದು ದಿನದ ಚಾರಣದ ಬಗ್ಗೆ ಪಂಡಿತರ ಚರ್ಚೆ ಇನ್ನೂ ಮುಗಿದಿಲ್ಲ. ಅವನು ನಿಜಕ್ಕೂ ಹತ್ತಿದನೇ ಎಂಬ ಪ್ರಶ್ನೆಯೂ ಅದರಲ್ಲಿ ಸೇರಿದೆ.

ಬೆಟ್ಟದ ಹೆಸರು ವಾಂಟೂ. ಎತ್ತರ ಸುಮಾರು 1,910 ಮೀಟರ್. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ಬಾಲ್ಯದಿಂದ ಆ ಸೀಮೆಯಲ್ಲೇ ಬೆಳೆದ ಪೆಟ್ರಾರ್ಕನಿಗೆ ಅದು ದಿನವೂ ಕಣ್ಣಿಗೆ ಬೀಳುತ್ತಿದ್ದ ಬೆಟ್ಟ. ಬೆಟ್ಟ ಹತ್ತುವುದು ಹೊಸತೇನಲ್ಲ. ದೇವರಿಗಾಗಿ, ಮೇವಿಗಾಗಿ, ಕಾವಲಿಗಾಗಿ ಜನ ಎಲ್ಲ ಕಾಲದಲ್ಲೂ ಹತ್ತಿದ್ದಾರೆ. ಪೆಟ್ರಾರ್ಕ್ ಕೊಟ್ಟ ಕಾರಣ ಬೇರೆ: ಅಷ್ಟು ಎತ್ತರದಿಂದ ಏನು ಕಾಣುತ್ತದೆಂದು ನೋಡುವ ಆಸೆ, ಅಷ್ಟೇ. ಮ್ಯಾಸಿಡೋನಿಯಾದ ದೊರೆ ಫಿಲಿಪ್ ಎರಡು ಸಮುದ್ರಗಳನ್ನು ಒಟ್ಟಿಗೆ ನೋಡಲು ಹೀಮಸ್ ಪರ್ವತ ಏರಿದನೆಂದು ರೋಮಿನ ಇತಿಹಾಸಕಾರ ಲಿವಿ ಬರೆದದ್ದನ್ನು ಅವನು ಆಗತಾನೆ ಓದಿದ್ದ.

ಗುರುವಿನಂತಿದ್ದ ದಿಯೋನಿಜಿ ಎಂಬ ಪಾದ್ರಿಗೆ ಅವನು ಬರೆದ ಪತ್ರವೇ ಈ ಕಥೆಗೆಲ್ಲ ಆಧಾರ. ಅದರಲ್ಲಿ ಅತ್ಯಂತ ಸ್ವಾರಸ್ಯವಾದದ್ದು ಜೊತೆಗಾರನ ಹುಡುಕಾಟ. ಗೆಳೆಯರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ತೂಗುತ್ತಾನೆ. ಒಬ್ಬ ತೀರಾ ನಿಧಾನ, ಇನ್ನೊಬ್ಬನಿಗೆ ವಿಪರೀತ ಅವಸರ. ಒಬ್ಬ ಸದಾ ಜೋಲುಮುಖದವನು, ಮತ್ತೊಬ್ಬನದು ಅತಿಯಾದ ಉತ್ಸಾಹ. ಒಬ್ಬನ ಮೌನ ಹಿಂಸೆ, ಇನ್ನೊಬ್ಬನ ಮಾತು ಹಿಂಸೆ. ಮನೆಯಲ್ಲಿ ಸಹಿಸಿಕೊಳ್ಳಬಹುದಾದ ಗುಣಗಳೇ ದಾರಿಯಲ್ಲಿ ಭಾರವಾಗುತ್ತವೆ ಎಂಬುದು ಅವನ ಲೆಕ್ಕ. ನಾಲ್ಕು ಜನರನ್ನು ಸೇರಿಸಿಕೊಂಡು ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಅವನು ಆರಿಸಿಕೊಂಡದ್ದು ಸ್ವಂತ ತಮ್ಮ ಗೆರಾರ್ಡೊನನ್ನು.

ತಪ್ಪಲಿನ ಮಲೋಸೆನ್ ಎಂಬ ಊರಿನಿಂದ ಇಬ್ಬರು ಆಳುಗಳೊಡನೆ ಹೊರಟರು. ನಡುವೆ ಒಬ್ಬ ಮುದಿ ಕುರುಬ ಎದುರಾದ. ಐವತ್ತು ವರ್ಷದ ಹಿಂದೆ ತಾನೂ ತುದಿ ಮುಟ್ಟಿದ್ದೆ, ಸಿಕ್ಕಿದ್ದು ಆಯಾಸ ಮತ್ತು ಪಶ್ಚಾತ್ತಾಪ, ಹರಿದದ್ದು ಮೈ ಮತ್ತು ಬಟ್ಟೆ ಎಂದು ಎಚ್ಚರಿಸಿದ. ಬೇಡವೆಂದಷ್ಟೂ ಇವರ ಹಟ ಹೆಚ್ಚಿತು. ಹೊರೆಯೆನಿಸಿದ ಬಟ್ಟೆಬರೆಯನ್ನು ಅವನ ಬಳಿಯೇ ಬಿಟ್ಟು ಹತ್ತಿದರು. ತಮ್ಮ ನೇರವಾಗಿ ಏಣಿನ ಮೇಲೆ ಏರಿದ. ಅಣ್ಣ ಸುಲಭದ ದಾರಿ ಹುಡುಕುತ್ತಾ ಮತ್ತೆ ಮತ್ತೆ ಕಣಿವೆಗಿಳಿದು ಹಿಂದೆ ಬಿದ್ದ.

ತುದಿಯಲ್ಲಿ ಮೋಡಗಳು ಕಾಲ ಕೆಳಗಿದ್ದವು. ಆಲ್ಪ್ಸ್‌ನ ಹಿಮ, ರೋನ್ ನದಿ, ಮಾರ್ಸೇಲ್ಸ್ ಕಡೆಯ ಸಮುದ್ರ ಎಲ್ಲ ಕಂಡವು. ಆಗ ಜೇಬಿನಲ್ಲಿದ್ದ ಸಂತ ಅಗಸ್ಟೀನನ ಆತ್ಮಕಥೆಯನ್ನು ತೆರೆದ. ಅದು ದಿಯೋನಿಜಿಯೇ ಕೊಟ್ಟಿದ್ದ ಪ್ರತಿ. ಬೆಟ್ಟ, ಕಡಲುಗಳಿಗೆ ಬೆರಗಾಗುವ ಮನುಷ್ಯ ತನ್ನನ್ನೇ ಮರೆಯುತ್ತಾನೆಂಬ ಅರ್ಥದ ಸಾಲು ಕಣ್ಣಿಗೆ ಬಿತ್ತು. ನಾಚಿ, ಮಾತಿಲ್ಲದೆ ಇಳಿದ. ಬೆಳದಿಂಗಳಲ್ಲಿ ಛತ್ರ ಸೇರಿ, ಆಳುಗಳು ಅಡಿಗೆ ಮಾಡುವಷ್ಟರಲ್ಲಿ ಪತ್ರ ಬರೆದೆನೆನ್ನುತ್ತಾನೆ.

ಅನುಮಾನ ಹುಟ್ಟುವುದೇ ಇಲ್ಲಿ. ಅಷ್ಟು ದಣಿದು ಬಂದವನು ಊಟಕ್ಕೆ ಮುಂಚೆ ಇಷ್ಟು ಅಚ್ಚುಕಟ್ಟಾದ ಲ್ಯಾಟಿನ್ ಪತ್ರ ಬರೆದನೇ? ಗೆರಾರ್ಡೊ 1343ರಲ್ಲಿ ಸನ್ಯಾಸಿಯಾದ. ನೇರ ದಾರಿ ಹಿಡಿದ ತಮ್ಮ, ಸುತ್ತಾಡಿದ ಅಣ್ಣ ಎಂಬ ರೂಪಕ ಆಮೇಲೆ ಹೊಳೆದದ್ದಿರಬೇಕು. ಪತ್ರ 1353ರ ಸುಮಾರಿನದು ಎಂದು ಇಟಲಿಯ ವಿದ್ವಾಂಸ ಬಿಲ್ಲನೋವಿಚ್ ವಾದಿಸಿದರು. ಆ ಹೊತ್ತಿಗೆ ದಿಯೋನಿಜಿ ತೀರಿಕೊಂಡು ಹತ್ತು ವರ್ಷ ಮೀರಿತ್ತು.

ಹಾಗೆಂದು ಚಾರಣವೇ ಸುಳ್ಳೆನ್ನಲು ಮನಸ್ಸು ಒಪ್ಪುವುದಿಲ್ಲ. ಪಿರನೀಸ್ ಪರ್ವತಗಳು ಕಾಣಲಿಲ್ಲ ಎಂದು ಅವನು ಬರೆಯುತ್ತಾನೆ. ತುತ್ತತುದಿಯನ್ನು ಊರವರು ‘ಮಗು’ ಎಂದು ಕರೆಯುತ್ತಾರೆ, ನೋಡಿದರೆ ಸುತ್ತಲ ಬೆಟ್ಟಗಳಿಗೆಲ್ಲ ಅಪ್ಪನಂತಿದೆ ಎನ್ನುತ್ತಾನೆ. ನೀತಿ ಬೋಧನೆಗೆ ಈ ವಿವರಗಳು ಬೇಕಿರಲಿಲ್ಲ. ಗೆಳೆಯರ ಆ ಪಟ್ಟಿಯಂತೂ ಬೇಕಿರಲೇ ಇಲ್ಲ.

19ನೇ ಶತಮಾನದ ಇತಿಹಾಸಕಾರ ಬರ್ಕ್‌ಹಾರ್ಟ್ ಪೆಟ್ರಾರ್ಕನನ್ನು ಮೊದಲ ಆಧುನಿಕರ ಸಾಲಿನಲ್ಲಿ ನಿಲ್ಲಿಸಿದ. ಅಲ್ಲಿಂದ ಮುಂದೆ, ನೋಡುವ ಸುಖಕ್ಕಾಗಿಯೇ ಬೆಟ್ಟ ಹತ್ತಿದವರಲ್ಲಿ ಇವನೇ ಮೊದಲಿಗನೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಡಿತು. ಆದರೆ ಅವನ ಪತ್ರವೇ ಅದಕ್ಕೆ ವಿರುದ್ಧ ಸಾಕ್ಷಿ ನುಡಿಯುತ್ತದೆ. ಆ ಕುರುಬ ಅರ್ಧ ಶತಮಾನ ಮೊದಲೇ ತುದಿಗೆ ಹೋಗಿಬಂದಿದ್ದ. ಯೌವನದ ಹುಮ್ಮಸ್ಸಿನಲ್ಲಿ ಹೋದೆ ಎಂದನೇ ಹೊರತು ಕಳೆದ ಕುರಿ ಹುಡುಕಲು ಎನ್ನಲಿಲ್ಲ. ಅವನ ಹೆಸರನ್ನು ಪೆಟ್ರಾರ್ಕ್ ಬರೆದಿಟ್ಟಿಲ್ಲ.