ಇರುವೆಗೆ ನೀರು, ಹುಳುವಿಗೆ ಸೊಪ್ಪು

ಗಾಜಿನ ಪೆಟ್ಟಿಗೆಯಲ್ಲಿ ಇರುವೆ ಸಾಕೋ ಹವ್ಯಾಸ ಕೆಲವರಿಗಿದೆ. ಆದ್ರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಮನೆಗಳಲ್ಲಿ ಇರುವೆಯೇ ಶತ್ರು. ಅದು ಹುಳುವಿನ ತಟ್ಟೆಗೆ ಹತ್ತದಿರಲಿ ಅಂತ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡ್ತಾರೆ.

ರೇಷ್ಮೆಯ ಚರಿತ್ರೆ ಅಂದ್ರೆ ಎರಡು ಹೆಸರು ಬರುತ್ತೆ. 1780ರ ದಶಕದಲ್ಲಿ ಮೈಸೂರು ಸೀಮೆಗೆ ಈ ಕಸುಬು ತಂದ ಟಿಪ್ಪು. 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾದಾಗ ಇದ್ದ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ. ಹುಳು ಸಾಕಿದ ಮನೆಯವರ ಮಾತೇ ಬರಲ್ಲ.

ಮೈಸೂರು ತಳಿಯ ಮೊಟ್ಟೆಯನ್ನು ಬೀಜದ ರಾಗಿ ಥರ ವರ್ಷಗಟ್ಟಲೆ ಎತ್ತಿಡೋಕಾಗಲ್ಲ. ಹತ್ತು ದಿನಕ್ಕೆಲ್ಲ ಮರಿ ಬರುತ್ತೆ. ಆಮೇಲೆ ನಾಲ್ಕು 'ಜ್ವರ' (ಪೊರೆ ಬಿಡೋದಕ್ಕೆ ರೈತರ ಮಾತು) ದಾಟಿ ಗೂಡು ಕಟ್ಟೋವರೆಗೂ ಹಿಪ್ಪುನೇರಳೆ ಸೊಪ್ಪು ಹಾಕ್ತಾನೇ ಇರಬೇಕು. ಎಲ್ಲರೂ ಒಂದು ವರ್ಷ ಕೈಬಿಟ್ಟಿದ್ರೂ ತಳಿಯೇ ಹೋಗ್ತಿತ್ತು!

ಹೋಗಲಿಲ್ಲ. ಮಾಗಡಿ, ಕುಣಿಗಲ್ ಕಡೆ ಬಿತ್ತನೆಗೂಡಿಗೆ ಅದನ್ನು ಇವತ್ತಿಗೂ ಸಾಕ್ತಾರೆ. ರಾಮನಗರದ ಮಾರುಕಟ್ಟೆಗೆ ಬರೋ ಹಳದಿ ಮಿಶ್ರತಳಿ ಗೂಡಿಗೆ ತಾಯಿ ಅದೇ. ಇನ್ನೂರು ವರ್ಷ ಆ ಸರಪಳಿ ಕಡಿಯದಂತೆ ಕಾದವರು ನಡುರಾತ್ರಿ ಎದ್ದು ಸೊಪ್ಪು ಹಾಕಿದವರು. ನಿಮ್ಮ ಮನೆಯಲ್ಲಿ ಅಂಥ ಅಜ್ಜಿ ಇದ್ರೆ, ಈಗಲೇ ಕೇಳಿ ಬರೆದಿಡಿ.