ಆಸ್ಪತ್ರೆಯೊಳಗೆ ಕ್ಷಯ ಹರಡುವ ದಾರಿಯ ಶೋಧ

ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಗುರುತಿಸಿದ ಮೇಲೂ ಅದು ಒಬ್ಬರ ಶ್ವಾಸಕೋಶದಿಂದ ಮತ್ತೊಬ್ಬರ ಶ್ವಾಸಕೋಶಕ್ಕೆ ಹೇಗೆ ಸಾಗುತ್ತದೆಂಬುದು ಬಹುಕಾಲ ವಿವಾದದಲ್ಲೇ ಇತ್ತು. ಒಣಗಿದ ಕಫದ ಧೂಳೇ ಕಾರಣವೆಂದು ಕೆಲವರು, ಕೆಮ್ಮಿದಾಗ ಸಿಡಿಯುವ ಹನಿಗಳೆಂದು ಕೆಲವರು ವಾದಿಸುತ್ತಿದ್ದರು. ಚಿಕ್ಕ ಹನಿಗಳು ನೆಲಕ್ಕೆ ಬೀಳುವ ಮೊದಲೇ ಆರಿಹೋಗುತ್ತವೆಂದೂ, ಉಳಿದ ಒಣ ಕಣಗಳು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆಂದೂ ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲಿ ವಿವರಿಸಿದರು.

ಈ ವಿಚಾರ ಆಸ್ಪತ್ರೆಯಲ್ಲೇ ಪರೀಕ್ಷೆಗೆ ಒಳಗಾದದ್ದು 1950ರ ದಶಕದ ಉತ್ತರಾರ್ಧದಲ್ಲಿ, ಬಾಲ್ಟಿಮೋರಿನಲ್ಲಿ. ವೆಲ್ಸ್ ಮತ್ತು ರಿಚರ್ಡ್ ರೈಲಿ ಅವರ ತಂಡ ಆರು ಕೋಣೆಗಳ ಕ್ಷಯ ವಾರ್ಡಿನಿಂದ ಹೊರಬರುವ ಗಾಳಿಯನ್ನು ಮೇಲಂತಸ್ತಿನ ಗಿನಿಹಂದಿಗಳ ಪಂಜರಗಳಿಗೆ ಹಾಯಿಸಿತು. ರೋಗಿಗಳಿಗೂ ಪ್ರಾಣಿಗಳಿಗೂ ಗಾಳಿಯ ಹೊರತು ಬೇರೆ ಸಂಪರ್ಕವೇ ಇರಲಿಲ್ಲವಾದರೂ ಪ್ರಾಣಿಗಳಿಗೆ ಸೋಂಕು ತಗಲಿತು. ಅತಿನೇರಳೆ ಕಿರಣ ಹಾಯಿಸಿದ ಗಾಳಿಯನ್ನು ಉಸಿರಾಡಿದ ಇನ್ನೊಂದು ಗುಂಪು ಸೋಂಕಿನಿಂದ ಪಾರಾಯಿತು. ಪ್ರಯೋಗದ ಹಿರಿಮೆ ಇಷ್ಟರಲ್ಲೇ ಮುಗಿಯುವುದಿಲ್ಲ. ಪ್ರಾಣಿಗಳಿಂದ ಬೇರ್ಪಡಿಸಿದ ರೋಗಾಣುಗಳು ಯಾವ ಔಷಧಿಗೆ ಬಗ್ಗುತ್ತವೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದನ್ನು ರೋಗಿಗಳ ರೋಗಾಣುಗಳೊಂದಿಗೆ ತಾಳೆ ನೋಡಿ, ಹಲವು ಸೋಂಕುಗಳ ಮೂಲ ಯಾವ ರೋಗಿಯೆಂದು ತಂಡ ಕಂಡುಹಿಡಿಯಿತು. ಬಹುಪಾಲು ಸೋಂಕು ಕೆಲವೇ ರೋಗಿಗಳಿಂದ ಬಂದಿತ್ತೆಂಬುದು ಹೀಗೆ ತಿಳಿಯಿತು. ಮುಂದೆ ಬಂದ ವಿಧಾನಗಳೆಲ್ಲ ಈ ತಾಳೆ ನೋಡುವ ಕ್ರಮದ ಸೂಕ್ಷ್ಮ ರೂಪಗಳೇ.

ಭಾರತದಲ್ಲಿ ಪ್ರಶ್ನೆ ಬೇರೆ ದಿಕ್ಕಿನಿಂದ ಬಂತು. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆದ ರೋಗಿಗಳಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲವೆಂದು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನ ತೋರಿಸಿತು. ಸ್ಯಾನಟೋರಿಯಂಗಳ ಕಾಲ ಮುಗಿಯತೊಡಗಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಕಫದಲ್ಲಿ ರೋಗಾಣುವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆರೋಗ್ಯ ಕೇಂದ್ರಗಳಿಗೆ ಬಂದಿದ್ದರೆಂದು ಕಂಡಿತು. ಇದು ರೋಗಿಗಳನ್ನು ಪತ್ತೆಹಚ್ಚುವ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆದರೆ ರೋಗ ಪತ್ತೆಯಾಗದ ರೋಗಿ ಹೊರರೋಗಿ ವಿಭಾಗದ ಸಾಲಿನಲ್ಲಿ ಇತರರೊಂದಿಗೆ ಕೆಮ್ಮುತ್ತ ಕೂತಿರುತ್ತಾನೆಂಬ ಅದರ ಇನ್ನೊಂದು ಅರ್ಥಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

1990ರ ಸುಮಾರಿಗೆ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಎಚ್‌ಐವಿ ಸೋಂಕಿತರ ನಡುವೆ ಬಹು ಔಷಧ ನಿರೋಧಕ ಕ್ಷಯ ಹರಡಿದಾಗ ಈ ಶೋಧಕ್ಕೆ ಮತ್ತೆ ಜೀವ ಬಂತು. ರೋಗಾಣುವಿನ ಡಿಎನ್‌ಎಯಲ್ಲಿ ಮರುಕಳಿಸುವ ಒಂದು ತುಣುಕು ಎಲ್ಲೆಲ್ಲಿದೆ ಎಂಬುದನ್ನು ಪಟ್ಟೆಗಳಾಗಿ ತೋರಿಸುವ ‘ಡಿಎನ್‌ಎ ಬೆರಳಚ್ಚು’ ವಿಧಾನಕ್ಕೆ 1993ರಲ್ಲಿ ಏಕರೂಪದ ಕ್ರಮ ರೂಪುಗೊಂಡಿತು. ದಕ್ಷಿಣ ಆಫ್ರಿಕದ ಟುಗೆಲಾ ಫೆರಿಯಲ್ಲಿ ಔಷಧ ನಿರೋಧಕ ಕ್ಷಯ ತಗಲಿದ 53 ರೋಗಿಗಳಲ್ಲಿ 52 ಮಂದಿ ತೀರಿಕೊಂಡರೆಂಬ 2006ರ ವರದಿಯಲ್ಲಿ, ಹೆಚ್ಚಿನವರ ರೋಗಾಣುಗಳು ಒಂದೇ ಬಗೆಯವೆಂದೂ ಅನೇಕರು ಸ್ವಲ್ಪ ಮುನ್ನ ಆಸ್ಪತ್ರೆಯಲ್ಲಿದ್ದವರೆಂದೂ ಕಂಡುಬಂತು.

ಗಾಳಿಯ ಅಧ್ಯಯನವೂ ನಿಲ್ಲಲಿಲ್ಲ. ಲೀಮಾದ ಎಂಟು ಆಸ್ಪತ್ರೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಅದು ಕರಗುವ ವೇಗವನ್ನು ಅಳೆದ ಎಸ್ಕೋಂಬ್ ಮತ್ತು ಸಂಗಡಿಗರು, ಕಿಟಕಿ ಬಾಗಿಲು ತೆರೆದರೆ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತದೆಂದೂ, ಯಂತ್ರದಿಂದ ಗಾಳಿಯಾಡುವ ಕೋಣೆಗಳಿಗೆ ಗೊತ್ತುಪಡಿಸಿದ 12 ಸಲಕ್ಕಿಂತ ಇದು ಮಿಗಿಲೆಂದೂ 2007ರಲ್ಲಿ ವರದಿ ಮಾಡಿದರು. ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳು ಇನ್ನೂ ಮುಂದಿದ್ದವು. ಹಣವಿಲ್ಲದ ಆಸ್ಪತ್ರೆಗಳ ದೃಷ್ಟಿಯಿಂದ ಈ ಕ್ಷೇತ್ರದಲ್ಲಿ ಇದಕ್ಕಿಂತ ಉಪಯುಕ್ತವಾದ ಫಲಿತಾಂಶ ವಿರಳ.

ಕ್ಷಯಾಣುವಿನ ಸುಮಾರು 44 ಲಕ್ಷ ಅಕ್ಷರಗಳ ಜೀನೋಮ್, ಅಂದರೆ ಪೂರ್ಣ ಅನುವಂಶಿಕ ಬರಹ, 1998ರಲ್ಲಿ ಪ್ರಕಟವಾಯಿತು. ಇಬ್ಬರ ರೋಗಾಣುಗಳ ನಡುವೆ ಐದು ಅಥವಾ ಅದಕ್ಕಿಂತ ಕಡಿಮೆ ಅಕ್ಷರಗಳ ವ್ಯತ್ಯಾಸವಿದ್ದರೆ ಇತ್ತೀಚಿನ ಹರಡುವಿಕೆ ಸಂಭವನೀಯ, 12ಕ್ಕಿಂತ ಹೆಚ್ಚಿದ್ದರೆ ಅಸಂಭವ ಎಂಬ ಅಳತೆ 2013ರಲ್ಲಿ ಬಂತು. ಆದರೆ ಈ ರೋಗಾಣುವಿನ ಜೀನೋಮಿನಲ್ಲಿ ಸರಾಸರಿ ಎರಡು ವರ್ಷಕ್ಕೆ ಒಂದು ಅಕ್ಷರದಷ್ಟೇ ಬದಲಾವಣೆಯಾಗುವುದರಿಂದ, ಸೋಂಕು ಯಾರಿಂದ ಯಾರಿಗೆ, ಯಾವ ವಾರ್ಡಿನಲ್ಲಿ ದಾಟಿತೆಂದು ಜೀನೋಮ್ ಒಂದೇ ಹೇಳಲಾರದು; ಅದಕ್ಕೆ ಯಾರು ಯಾವ ದಿನ ಯಾವ ಹಾಸಿಗೆಯಲ್ಲಿದ್ದರೆಂಬ ದಾಖಲಾತಿ ಪುಸ್ತಕವನ್ನೇ ನೋಡಬೇಕಾಗುತ್ತದೆ, ಮತ್ತು ಹೊರರೋಗಿಗಳ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತಿದ್ದರೆಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ.