ಹುಳಿ ತಿಂದ ಕಲ್ಲು

ಪುತ್ತೂರು, ಸುಳ್ಯ ಮತ್ತು ಇವೆರಡರ ಊರುಗಳನ್ನು ಕೂಡಿಸಿ ಆದ ಕಡಬ ತಾಲ್ಲೂಕಿನ ಹಳೆಯ ಮನೆಗಳಲ್ಲಿ ಅಡುಗೆ ಕಟ್ಟೆ ಎಂಬ ವಸ್ತುವೇ ಇರಲಿಲ್ಲ. ಒಲೆ ನೆಲದಲ್ಲಿ, ಮೆಟ್ಟುಕತ್ತಿ ನೆಲದಲ್ಲಿ, ಕಡೆಯುವ ಕಲ್ಲೂ ನೆಲದಲ್ಲಿ. ಕೆಲಸವೆಲ್ಲ ಸೆಗಣಿ ಸಾರಿಸಿದ ನೆಲದ ಮೇಲೆ ಕುಳಿತೇ ನಡೆಯುತ್ತಿತ್ತು. ಒಲೆಯನ್ನು ಸೊಂಟದ ಎತ್ತರಕ್ಕೆ ಎಬ್ಬಿಸಿದ್ದರಲ್ಲಿ ಗ್ಯಾಸಿನ ಪಾಲು ದೊಡ್ಡದು. ಸಿಲಿಂಡರನ್ನು ಕೆಳಗಿಟ್ಟು ಸ್ಟೌ ಅದಕ್ಕಿಂತ ಮೇಲಿರಬೇಕು ಎಂಬುದು ಸುರಕ್ಷತೆಯ ನಿಯಮ. ಹಟ್ಟಿ ತುಂಬ ದನವಿದ್ದ ಅಡಿಕೆ ತೋಟದ ಮನೆಗಳಿಗೆ ಗೋಬರ್ ಗ್ಯಾಸೂ ಬಂತು; ಕೇಂದ್ರದ ಜೈವಿಕ ಅನಿಲ ಯೋಜನೆ ಶುರುವಾದದ್ದು 1981-82ರಲ್ಲಿ. ಆದರೆ ಸ್ಟೌ ಇಡಲು ಊರಿನ ಕಲ್ಲು ಒದಗಲಿಲ್ಲ. ಇಲ್ಲಿ ಗುಡ್ಡ ಕಡಿದರೆ ಸಿಗುವುದು ಮುರಕಲ್ಲು, ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು 1807ರ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಅದೇ ಕಲ್ಲು. ಗೋಡೆಗೆ ಅದು ಬಂಗಾರ. ಮೈಯೆಲ್ಲ ತೂತಾದ್ದರಿಂದ ನುಣುಪಾದ ಹಲಗೆ ಮಾತ್ರ ಅದರಿಂದ ಏಳುವುದಿಲ್ಲ.

ಹಾಗಾಗಿ ಕಟ್ಟೆಯ ಮೇಲೆ ಮೊದಲು ಕಾವಿ ಬೆರೆಸಿ ತಿಕ್ಕಿದ ಸಿಮೆಂಟು, ಆಮೇಲೆ ಆಂಧ್ರದ ಕಡಪ ಕಲ್ಲು, ಕೊನೆಗೆ ಗ್ರಾನೈಟು ಬಂದವು. ಅಡಿಕೆಗೆ ರೇಟು ಬಂತು, ಕಲ್ಲು ಬದಲಾಯಿತು ಎಂದು ಇದನ್ನು ವಿವರಿಸುವುದು ಸುಲಭ, ಅರ್ಧ ನಿಜವೂ ಹೌದು. ದುಡ್ಡಿನ ಲೆಕ್ಕ ಒಂದೇ ಆದರೆ ಅಮೃತಶಿಲೆ ಗೆಲ್ಲಬೇಕಿತ್ತು. ದುಡ್ಡಿದ್ದವರೂ ಅದನ್ನು ದೇವರ ಕೋಣೆಗೆ, ಚಾವಡಿಯ ನೆಲಕ್ಕೆ ಹಾಕಿಸಿದರೇ ಹೊರತು ಒಲೆಯ ಪಕ್ಕಕ್ಕೆ ತಂದದ್ದು ಕಡಿಮೆ. ಕಾರಣ ಈ ಸೀಮೆಯ ನಾಲಗೆಯಲ್ಲಿದೆ. ಹುಣಸೆ, ಪುನರ್ಪುಳಿ, ಬಿಂಬುಳಿ, ಅಂಬಟೆ, ಕಾಡುಮಾವು, ಹುಳಿ ಮಜ್ಜಿಗೆಯ ತಂಬುಳಿ: ಇಲ್ಲಿ ಹುಳಿ ಇಲ್ಲದ ಊಟವೇ ಅಪರೂಪ. ಸಿಮೆಂಟು, ಕಡಪ, ಅಮೃತಶಿಲೆ ಮೂರೂ ಸುಣ್ಣದ ಕುಲದವು; ಹುಳಿ ಚೆಲ್ಲಿ ಒಂದಿಷ್ಟು ಹೊತ್ತು ನಿಂತರೆ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಅದನ್ನು ಯಾವ ಸೋಪೂ ತೆಗೆಯದು. ಗ್ರಾನೈಟಿನಲ್ಲಿ ಆ ಸುಣ್ಣವಿಲ್ಲ. ಕಟ್ಟೆಯ ಬಾಳಿಕೆಯನ್ನು ತೀರ್ಮಾನಿಸಿದ್ದು ಕಲ್ಲಿನ ಗಡಸುತನಕ್ಕಿಂತ ಹೆಚ್ಚಾಗಿ ಹುಳಿ ಎಂದು ನನಗನ್ನಿಸುವುದು ಇದರಿಂದ.

ಅಡುಗೆಯವರು ರಸಾಯನಶಾಸ್ತ್ರ ಓದಿ ಕಲ್ಲು ಆರಿಸಿದರೇ ಎಂದು ಕೇಳಬಹುದು. ಓದಬೇಕಾಗಿರಲಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬುತ್ತದೆಂದೇ ಕಲಾಯಿ ಹಾಕಿಸುತ್ತಿದ್ದರು, ಉಪ್ಪಿನಕಾಯಿಗೆ ಭರಣಿಯನ್ನೇ ಇಡುತ್ತಿದ್ದರು. ಪಾತ್ರೆಯ ವಿಷಯದಲ್ಲಿ ಇಷ್ಟು ಎಚ್ಚರವಿದ್ದ ಮನೆ ಕಟ್ಟೆಯ ವಿಷಯದಲ್ಲಿ ಎಡವಿದ್ದು, ಕಟ್ಟೆಯೇ ಹೊಸತಾಗಿದ್ದರಿಂದ. ಉತ್ತರ ಮಾತ್ರ ಮೂಲೆಯಲ್ಲೇ ಕುಳಿತಿತ್ತು. ದಿನವೂ ಹುಣಸೆ ಹಾಕಿ ಅರೆದರೂ ಕಡೆಯುವ ಕಲ್ಲು ಕರಗಲಿಲ್ಲ. ಸವೆದು ನುಣುಪಾದಾಗ ಅದಕ್ಕೆ ಬೇಕಾದದ್ದು ಕಲ್ಲುಕುಟಿಗನ ಉಳಿ, ಅದನ್ನು ತಿಂದದ್ದು ಹುಳಿಯಲ್ಲ. ಮಿಕ್ಸಿ ಬಂದು ಮೂಲೆ ಸೇರಿದ ಆ ಕಗ್ಗಲ್ಲಿನ ಬಂಧುವೇ ನಯವಾಗಿ ಕಟ್ಟೆ ಏರಿ ಕೂತಿತು ಎನ್ನಬಹುದು.

ಗ್ರಾನೈಟಿಗೂ ದೋಷವಿಲ್ಲದಿಲ್ಲ. ತಿಳಿ ಬಣ್ಣದ್ದು ಎಣ್ಣೆ ಹೀರಿ ಕಪ್ಪಾಗುತ್ತದೆ, ಅರಸಿನದ ಕಲೆ ಹಿಡಿಯುತ್ತದೆ. ಕಪ್ಪು ಕಲ್ಲಿನಲ್ಲಿ ಅದು ಕಾಣುವುದಿಲ್ಲ. ಈಗ ಬರುತ್ತಿರುವ ಕ್ವಾರ್ಟ್ಸ್ ಹಲಗೆ ಹುಳಿಗೂ ಜಗ್ಗದು, ಕಲೆಯನ್ನೂ ಅಷ್ಟಾಗಿ ಹೀರದು ಎನ್ನುವವರ ಮಾತು ಸರಿ. ಆದರೆ ಅದು ಕಲ್ಲಿನ ಪುಡಿಯನ್ನು ರಾಳದಲ್ಲಿ ಅಂಟಿಸಿದ್ದು. ಹಲಸಿನ ಕಾಲದಲ್ಲಿ ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಕಟ್ಟೆಗೆ ಇಡುವ ಮನೆಯಲ್ಲಿ ಆ ರಾಳ ಸುಡುತ್ತದೆ. ಅದನ್ನು ಕೊಯ್ಯುವವರ ಶ್ವಾಸಕೋಶಕ್ಕೆ ಸಿಲಿಕಾ ಧೂಳು ಹೊಗುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಹಲಗೆಯನ್ನೇ ನಿಷೇಧಿಸಿತು. ಗ್ರಾನೈಟಿನ ಧೂಳೂ ನಿರಪಾಯವಲ್ಲ, ಸಿಲಿಕಾದ ಪಾಲು ಅದರಲ್ಲಿ ಕಡಿಮೆ ಅಷ್ಟೆ. ಕಡಪ ಕಲ್ಲಿಗಂತೂ ಈ ಮನೆಗಳಲ್ಲಿ ಈಗಲೂ ಜಾಗವಿದೆ, ಕಟ್ಟೆಯ ಕೆಳಗೆ, ಅಕ್ಕಿ ಡಬ್ಬಿ ಇಡುವ ಹಲಗೆಯಾಗಿ.